ಬ್ಲಾಗಿನ ಬರಹ ಇನ್ನೊಂದು ಸೈಟಿನಲ್ಲಿ ಬರುತ್ತಿಲ್ಲವೇ? ಫೀಡ್ ದೋಷ ಹುಡುಕುವ ಕೈಪಿಡಿ

ಒಂದು ಬ್ಲಾಗಿನ ಹೊಸ ಬರಹಗಳು ಇನ್ನೊಂದು ಸೈಟಿನಲ್ಲಿ ತಾವಾಗಿಯೇ ಬಂದು ಕೂರಬೇಕಾದರೆ ಸುಲಭದ ದಾರಿ ಫೀಡ್. ಆರ್‌ಎಸ್‌ಎಸ್ ಆಗಲಿ, ಆಟಮ್ ಆಗಲಿ, ಮಾಡುವ ಕೆಲಸ ಒಂದೇ. ಬ್ಲಾಗ್ ತನ್ನ ಇತ್ತೀಚಿನ ಪೋಸ್ಟ್‌ಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಎಂಬ, ಯಂತ್ರಗಳು ಓದುವ ರೂಪದಲ್ಲಿ ಒಂದು ವಿಳಾಸದಲ್ಲಿ ಇಡುತ್ತದೆ. ನಿಮ್ಮ ಸೈಟು ಅದನ್ನು ತರಿಸಿಕೊಂಡು, ಬಿಡಿಸಿ ಓದಿ, ಪುಟದಲ್ಲಿ ತೋರಿಸುತ್ತದೆ.

ಹಾಗಾಗಿ ಕೆಡುವ ಜಾಗ ಮೂರೇ. ಫೀಡ್ ಹೊರಡುವ ಕಡೆ, ಅದನ್ನು ತರುವ ದಾರಿ, ಮತ್ತೆ ನಿಮ್ಮ ಪುಟದಲ್ಲಿ ತೋರಿಸುವ ಕಡೆ. ಜಾಸ್ತಿ ಜನ ಮೂರನೆಯದರಿಂದ ಶುರು ಮಾಡುತ್ತಾರೆ. ವಿಜೆಟ್ ತೆಗೆದು ಮತ್ತೆ ಹಾಕುತ್ತಾರೆ, ಪ್ಲಗಿನ್ ಬದಲಿಸುತ್ತಾರೆ, ಥೀಮ್ ಕೆದಕುತ್ತಾರೆ, ಕೊನೆಗೆ ಮೊದಲು ಸರಿಯಿದ್ದದ್ದೂ ಕೆಟ್ಟು ಕೂರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಫೀಡನ್ನೇ ಕಣ್ಣಾರೆ ನೋಡಿ. ಅದಕ್ಕೆ ಕಾಸೂ ಬೇಡ, ಕೋಡೂ ಬೇಡ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬ್ಲಾಗ್ ಆಗಿದ್ದರೆ ಅನುಮತಿ ಕೇಳಿ. ಫೀಡ್ ಎಲ್ಲರಿಗೂ ತೆರೆದಿದೆ ಅಂದ ಮಾತ್ರಕ್ಕೆ ಪೂರ್ತಿ ಬರಹವನ್ನು ನಿಮ್ಮ ಸೈಟಿನಲ್ಲಿ ಹಾಕಿಕೊಳ್ಳುವ ಹಕ್ಕು ಸಿಕ್ಕಿತು ಎಂದಲ್ಲ. ತಲೆಬರಹ, ಎರಡು ಸಾಲು, ಮೂಲಕ್ಕೆ ಲಿಂಕ್. ಬಹಳಷ್ಟು ಕಡೆ ಇಷ್ಟೇ ಸಾಕು, ಬರೆದವರಿಗೂ ಅದೇ ಇಷ್ಟ.

ಎಲ್ಲಕ್ಕಿಂತ ಮೊದಲು: ಫೀಡ್ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ

ನಿಮ್ಮ ವಿಜೆಟ್‌ನಲ್ಲಿ ಕೊಟ್ಟಿರುವ ವಿಳಾಸವನ್ನು ಹಾಗೇ ಕಾಪಿ ಮಾಡಿ ಹೊಸ ಟ್ಯಾಬ್‌ನಲ್ಲಿ ಹಾಕಿ. ಕ್ರೋಮ್‌ನಲ್ಲಿ ಟ್ಯಾಗ್‌ಗಳಿಂದ ತುಂಬಿದ ಪುಟ ಬರುತ್ತದೆ, ಮೇಲೆ "ಈ ಕಡತಕ್ಕೆ ಶೈಲಿಯ ಮಾಹಿತಿ ಇಲ್ಲ" ಎನ್ನುವ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅದು ದೋಷವಲ್ಲ, ಗಾಬರಿ ಬೇಡ. ಫೈರ್‌ಫಾಕ್ಸ್ ಕೂಡ 2018ರ ಡಿಸೆಂಬರ್‌ನಲ್ಲಿ ಬಂದ 64ನೇ ಆವೃತ್ತಿಯಿಂದ ಫೀಡನ್ನು ಅಂದವಾಗಿ ತೋರಿಸುವುದನ್ನು ನಿಲ್ಲಿಸಿದೆ. ನೀವು ನೋಡಬೇಕಾದದ್ದು ಇಷ್ಟು: ಇತ್ತೀಚಿನ ಪೋಸ್ಟ್‌ನ ತಲೆಬರಹ ಅಲ್ಲಿದೆಯಾ?

ಇದ್ದರೆ ಫೀಡ್ ಹೊರಡುವ ಕಡೆ ಬಹುಮಟ್ಟಿಗೆ ಸರಿ ಇದೆ. ಇಲ್ಲದಿದ್ದರೆ ನಿಮ್ಮ ಸೈಟನ್ನು ಮುಟ್ಟುವ ಅಗತ್ಯವೇ ಇಲ್ಲ.

ಫೀಡ್ ಬದಲು ಬ್ಲಾಗಿನ ಮುಖಪುಟ ಬಂದರೆ ನೀವು ಕೊಟ್ಟಿರುವುದೇ ತಪ್ಪು ವಿಳಾಸ. ಇದು ತುಂಬಾ ಸಾಮಾನ್ಯ. ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ಕೊನೆಗೆ ಓರೆಗೀಟು (/) ಹಾಕಿ 'ಫೀಡ್' ಎಂದು ಇಂಗ್ಲಿಷ್‌ನಲ್ಲಿ ಸೇರಿಸಿದರೆ ಸಿಗುತ್ತದೆ. ಬ್ಲಾಗರ್‌ನಲ್ಲಿ 'ಫೀಡ್ಸ್', 'ಪೋಸ್ಟ್ಸ್', 'ಡಿಫಾಲ್ಟ್' ಈ ಮೂರನ್ನು ಓರೆಗೀಟುಗಳ ನಡುವೆ ಇಂಗ್ಲಿಷ್‌ನಲ್ಲಿ ಸೇರಿಸಬೇಕು. ಬೇರೆ ಯಾವುದೋ ವ್ಯವಸ್ಥೆಯಾದರೆ ಬ್ಲಾಗಿನ ಪುಟದ ಮೂಲ ಕೋಡ್ ತೆರೆದು 'ಆರ್‌ಎಸ್‌ಎಸ್' ಅಥವಾ 'ಆಟಮ್' ಎಂದು ಇಂಗ್ಲಿಷ್‌ನಲ್ಲಿ ಹುಡುಕಿ. ಪುಟದ ತಲೆಭಾಗದಲ್ಲಿ ಫೀಡ್ ಲಿಂಕ್ ಇರುವ ಸಾಲು ಸಾಮಾನ್ಯವಾಗಿ ಸಿಗುತ್ತದೆ.

404 ಬಂದರೆ ವಿಳಾಸ ಬದಲಾಗಿದೆ, ಇಲ್ಲವೇ ಬ್ಲಾಗಿನವರು ಫೀಡ್ ನಿಲ್ಲಿಸಿದ್ದಾರೆ. ಲಾಗಿನ್ ಕೇಳಿದರೆ ಬ್ಲಾಗ್ ಖಾಸಗಿಯಾಗಿದೆ. ಇಲ್ಲೊಂದು ಎಚ್ಚರ ಬೇಕು. ನೀವೇ ಆ ಬ್ಲಾಗಿನ ಒಡೆಯರಾಗಿದ್ದು ಲಾಗಿನ್ ಆಗಿದ್ದರೆ ನಿಮಗೆ ಎಲ್ಲವೂ ಕಾಣುತ್ತದೆ, ನಿಮ್ಮ ಇನ್ನೊಂದು ಸೈಟಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಯಾವಾಗಲೂ ಇನ್‌ಕಾಗ್ನಿಟೋ ಕಿಟಕಿಯಲ್ಲೇ ಮಾಡಿ.

ಪುಟದಲ್ಲಿ ಆ ಜಾಗ ಖಾಲಿ, ದೋಷದ ಸಂದೇಶವೂ ಇಲ್ಲ

ಫೀಡ್ ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ, ನಿಮ್ಮ ಪುಟದಲ್ಲಿ ಮಾತ್ರ ಏನೂ ಇಲ್ಲ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಫೀಡನ್ನು ತರುವುದು ಯಾರು? ಓದುಗರ ಬ್ರೌಸರ್ರಾ, ನಿಮ್ಮ ಸರ್ವರ್ರಾ?

ಪುಟದೊಳಗಿನ ಜಾವಾಸ್ಕ್ರಿಪ್ಟ್ ತರುತ್ತಿದ್ದರೆ ಎಫ್12 ಒತ್ತಿ ಕನ್ಸೋಲ್ ನೋಡಿ. 'ಕಾರ್ಸ್' (CORS) ಎನ್ನುವ ಪದ ಇರುವ ಕೆಂಪು ಸಾಲು ಕಂಡರೆ ಕಾರಣ ಸಿಕ್ಕಿತು. ಒಂದು ಸೈಟಿನ ಸ್ಕ್ರಿಪ್ಟ್ ಇನ್ನೊಂದು ಸೈಟಿನಿಂದ ಕಡತ ತಂದು ಓದಬೇಕಾದರೆ ಆ ಇನ್ನೊಂದು ಸೈಟು ಹೆಡರ್‌ನಲ್ಲಿ, ಅಂದರೆ ಕಡತದ ಜೊತೆ ಕಳಿಸುವ ಮಾಹಿತಿಯ ಸಾಲುಗಳಲ್ಲಿ, ಒಪ್ಪಿಗೆ ಕೊಟ್ಟಿರಬೇಕು. ಇದು ಬ್ರೌಸರ್‌ನ ಕಾವಲು. ಎಷ್ಟೋ ಬ್ಲಾಗ್‌ಗಳ ಫೀಡ್‌ನಲ್ಲಿ ಆ ಒಪ್ಪಿಗೆ ಇರುವುದಿಲ್ಲ. ನೀವು ಸ್ಕ್ರಿಪ್ಟನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ತಡೆ ಇರುವುದು ನಿಮ್ಮ ಕೋಡ್‌ನಲ್ಲಿ ಅಲ್ಲ.

ದಾರಿ ಎರಡು. ಬ್ಲಾಗ್ ನಿಮ್ಮದೇ ಆದರೆ ಆ ಹೆಡರ್ ಸೇರಿಸಿ. ಇಲ್ಲದಿದ್ದರೆ ಫೀಡ್ ತರುವ ಕೆಲಸವನ್ನು ನಿಮ್ಮ ಸರ್ವರ್‌ಗೆ ಒಪ್ಪಿಸಿ. ಕಾರ್ಸ್ ನಿಯಮ ಬ್ರೌಸರ್‌ಗೆ ಮಾತ್ರ, ಸರ್ವರ್‌ಗೆ ಅಲ್ಲ. ನಡುವೆ ಯಾರೋ ಉಚಿತವಾಗಿ ನಡೆಸುವ ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ಫೀಡ್ ತಂದುಕೊಡುವ ಸರ್ವರ್, ಹಾಕಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಪ್ರಾಕ್ಸಿ ನಡೆಸುವವರು ಬಯಸಿದರೆ ನಿಮ್ಮ ಪುಟಕ್ಕೆ ಬರುವ ವಿಷಯವನ್ನೇ ಬದಲಿಸಬಹುದು, ಯಾವತ್ತಾದರೂ ಮುಚ್ಚಲೂಬಹುದು. ಫೀಡ್‌ಗಳನ್ನು ಬೆರೆಸಿ ಕೊಡುತ್ತಿದ್ದ ಯಾಹೂ ಪೈಪ್ಸ್‌ನಂಥ ದೊಡ್ಡ ಸೇವೆಯೇ 2015ರಲ್ಲಿ ಮುಚ್ಚಿತು. ಕೋಡ್‌ಗಳಿಗೆ ಫೀಡ್ ತಂದುಕೊಡುತ್ತಿದ್ದ ಗೂಗಲ್‌ನ ಫೀಡ್ ಎಪಿಐ ಕೂಡ ಈಗಿಲ್ಲ. ಹಳೆಯ ಕೋಡ್ ತುಣುಕನ್ನು ಎಲ್ಲಿಂದಲೋ ತಂದು ಅಂಟಿಸಿದ್ದರೆ ಅದು ಈ ಫೀಡ್ ಎಪಿಐಯನ್ನೇ ಕರೆಯುತ್ತಿದೆಯಾ ನೋಡಿ. ಕರೆಯುತ್ತಿದ್ದರೆ ಆ ಕೋಡ್ ಮತ್ತೆ ಕೆಲಸ ಮಾಡುವುದಿಲ್ಲ, ಬಿಟ್ಟುಬಿಡಿ.

ಬ್ರೌಸರ್‌ಗೆ ಸಿಗುತ್ತದೆ, ಸರ್ವರ್‌ಗೆ ಸಿಗುತ್ತಿಲ್ಲ

ವರ್ಡ್‌ಪ್ರೆಸ್‌ನ ಆರ್‌ಎಸ್‌ಎಸ್ ಬ್ಲಾಕ್ "ಫೀಡ್ ಸಿಗಲಿಲ್ಲ" ಎಂದೋ, ಕರ್ಲ್ (ಸರ್ವರ್ ಬೇರೆ ಸೈಟಿನಿಂದ ಕಡತ ತರಲು ಬಳಸುವ ಸಲಕರಣೆ) ದೋಷ ಇಂತಿಷ್ಟು ಎಂದೋ ಹೇಳುತ್ತದೆ. ಆ ಅಂಕಿಯೇ ಸುಳಿವು, ಅದನ್ನು ಬರೆದಿಟ್ಟುಕೊಳ್ಳಿ.

ಕರ್ಲ್ 28 ಅಂದರೆ ಸಮಯ ಮೀರಿತು. ಬ್ಲಾಗಿನ ಸರ್ವರ್ ನಿಧಾನವಾಗಿದೆ, ಅಥವಾ ನಡುವೆ ಯಾವುದೋ ಫೈರ್‌ವಾಲ್ ಉತ್ತರ ಕೊಡದೆ ಸುಮ್ನೆ ಕೂತಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಪ್ರತಿ ಸಲವೂ ಇದೇ ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಕರ್ಲ್ 60 ಅಂದರೆ ಭದ್ರತಾ ಪ್ರಮಾಣಪತ್ರದ ತಕರಾರು. ಬ್ಲಾಗಿನ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಆಗ ಬ್ರೌಸರ್ ಕೂಡ ಎಚ್ಚರಿಸುತ್ತದೆ. ಬ್ರೌಸರ್ ಏನೂ ಹೇಳುತ್ತಿಲ್ಲ, ಸರ್ವರ್ ಮಾತ್ರ ಒಪ್ಪುತ್ತಿಲ್ಲ ಎಂದರೆ ನಿಮ್ಮ ಸರ್ವರ್‌ನಲ್ಲಿರುವ ಮೂಲ ಪ್ರಮಾಣಪತ್ರಗಳ ಪಟ್ಟಿ ಹಳೆಯದಾಗಿದೆ, ಅಥವಾ ಬ್ಲಾಗಿನ ಸರ್ವರ್ ನಡುವಿನ ಪ್ರಮಾಣಪತ್ರವನ್ನು ಕಳಿಸುತ್ತಿಲ್ಲ. 2021ರ ಸೆಪ್ಟೆಂಬರ್ 30ರಂದು, ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಪ್ರಮಾಣಪತ್ರ ತಪಾಸಿಸುವ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಆವೃತ್ತಿ ಇಟ್ಟುಕೊಂಡಿದ್ದ ಎಷ್ಟೋ ಸರ್ವರ್‌ಗಳಿಗೆ, ಆವತ್ತಿನವರೆಗೆ ಸರಿಯಿದ್ದ ಫೀಡ್‌ಗಳು ಒಮ್ಮೆಲೇ ಬರದಾದವು. ಪರಿಹಾರ ಸರ್ವರ್ ಅಪ್‌ಡೇಟ್ ಮಾಡುವುದು. ಪ್ರಮಾಣಪತ್ರದ ತಪಾಸಣೆಯನ್ನೇ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಮಾಡಬೇಡಿ. ದೋಷದ ಸಾಲು ಮಾಯವಾಗುತ್ತದೆ ನಿಜ, ಆದರೆ ಫೀಡ್ ಹೆಸರಿನಲ್ಲಿ ನಡುವಿನವರು ಏನು ಕಳಿಸಿದರೂ ನಿಮ್ಮ ಸೈಟು ನಂಬುತ್ತದೆ.

403 ಬರುತ್ತಿದ್ದರೆ ಬ್ಲಾಗಿನ ಕಡೆಯ ಬಾಟ್ ತಡೆ ನಿಮ್ಮ ಸರ್ವರ್ರನ್ನು ಹೊರಗಿಟ್ಟಿದೆ. ಕೆಲವೊಮ್ಮೆ 403 ಬದಲು "ನೀವು ಮನುಷ್ಯರೇ?" ಎಂದು ಕೇಳುವ ಪುಟವನ್ನೇ ಕಳಿಸುತ್ತದೆ. ಆಗ ನಿಮ್ಮ ಸೈಟು ಎಕ್ಸ್‌ಎಂಎಲ್ ಬರುತ್ತದೆ ಎಂದು ಕಾದಿದ್ದು, ಎಚ್‌ಟಿಎಂಎಲ್ ಕಂಡು "ಇದು ಫೀಡ್ ಅಲ್ಲ" ಎನ್ನುತ್ತದೆ. ಇದನ್ನು ನಿಮ್ಮ ಕಡೆಯಿಂದ ಸರಿಮಾಡಲು ಆಗುವುದಿಲ್ಲ. ಬ್ಲಾಗಿನವರು ತಮ್ಮ ಫೈರ್‌ವಾಲ್‌ನಲ್ಲಿ ಫೀಡ್ ವಿಳಾಸಕ್ಕೆ ವಿನಾಯಿತಿ ಕೊಡಬೇಕು.

429 ಅಂದರೆ ನೀವು ಪದೇ ಪದೇ ಕೇಳುತ್ತಿದ್ದೀರಿ. ಇದು ನಿಮ್ಮದೇ ತಪ್ಪು, ಕೆಳಗೆ "ಹಳೆಯ ಪೋಸ್ಟ್‌ಗಳೇ ಕಾಣುತ್ತಿವೆ" ಎಂಬ ಭಾಗ ನೋಡಿ.

ಸ್ವಂತ ಪಿಎಚ್‌ಪಿ ಕೋಡ್ ಬರೆದವರಿಗೆ ಒಂದು ಮಾತು. ಕೆಲವು ಹೋಸ್ಟಿಂಗ್‌ಗಳಲ್ಲಿ ಹೊರಗಿನ ವಿಳಾಸವನ್ನು ಕಡತದ ಹಾಗೆ ತೆರೆಯುವ ಸೌಲಭ್ಯ ಮುಚ್ಚಿರುತ್ತದೆ. ಕರ್ಲ್ ಬಳಸಿ ತಂದರೆ ಆಗುತ್ತದೆ. ವರ್ಡ್‌ಪ್ರೆಸ್‌ನಲ್ಲಿದ್ದರೆ ಸ್ವಂತ ಕೋಡ್ ಯಾಕೆ ಬೇಕು, ಅದರೊಳಗೆ ಫೀಡ್ ಓದುವ ಸಿದ್ಧ ಕೋಡ್ ಸಿಂಪಲ್‌ಪೈ ಇದ್ದೇ ಇದೆಯಲ್ವಾ?

"ಎಕ್ಸ್‌ಎಂಎಲ್ ಓದಲಾಗಲಿಲ್ಲ" ಎನ್ನುವ ದೂರು

ಎಚ್‌ಟಿಎಂಎಲ್‌ನಲ್ಲಿ ಸಣ್ಣಪುಟ್ಟ ತಪ್ಪಿದ್ದರೂ ಬ್ರೌಸರ್ ಹೇಗೋ ಸುಧಾರಿಸಿಕೊಂಡು ತೋರಿಸುತ್ತದೆ. ಎಕ್ಸ್‌ಎಂಎಲ್ ಹಾಗಲ್ಲ. ಒಂದೇ ಒಂದು ತಪ್ಪು ಚಿಹ್ನೆ ಇದ್ದರೂ ಓದುವುದನ್ನು ಅಲ್ಲೇ ನಿಲ್ಲಿಸುತ್ತದೆ.

ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಉಚಿತ ಫೀಡ್ ವ್ಯಾಲಿಡೇಟರ್‌ಗೆ (ಫೀಡ್ ತಪಾಸಿಸುವ ಪುಟ) ವಿಳಾಸ ಕೊಡಿ. ಎಷ್ಟನೇ ಸಾಲಿನಲ್ಲಿ ತಕರಾರು ಎಂದು ಅದು ಹೇಳುತ್ತದೆ. ಎಚ್ಚರಿಕೆಗಳೆಲ್ಲ ತಲೆ ಕೆಡಿಸಿಕೊಳ್ಳುವಂಥವಲ್ಲ, ದೋಷ ಎಂದು ಹೇಳಿದ್ದನ್ನು ಮಾತ್ರ ನೋಡಿ. ಹೆಚ್ಚಾಗಿ ಸಿಗುವುದು ಈ ಮೂರು.

ಮೊದಲ ಸಾಲಿನಲ್ಲೇ ದೋಷ, "ಘೋಷಣೆ ಕಡತದ ಆರಂಭದಲ್ಲಿ ಇಲ್ಲ" ಎಂಬ ಅರ್ಥದ ಮಾತು. ಎಕ್ಸ್‌ಎಂಎಲ್ ಘೋಷಣೆಗಿಂತ ಮುಂಚೆ ಖಾಲಿ ಸಾಲೊಂದು ನುಗ್ಗಿದೆ. ವರ್ಡ್‌ಪ್ರೆಸ್ ಬ್ಲಾಗಾದರೆ ಯಾವುದೋ ಪ್ಲಗಿನ್ ಅಥವಾ ಥೀಮ್‌ನ ಪಿಎಚ್‌ಪಿ ಕಡತದ ಆರಂಭದಲ್ಲೋ ಕೊನೆಯಲ್ಲೋ ಖಾಲಿ ಸಾಲು ಉಳಿದಿರುತ್ತದೆ. ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ, ಪ್ರತಿ ಸಲ ಫೀಡ್ ನೋಡಿ. ಬ್ಯಾಕಪ್ ತೆಗೆದುಕೊಂಡೇ ಮಾಡಿ. ಯಾವುದನ್ನು ಆಫ್ ಮಾಡಿದಾಗ ಸರಿಹೋಯಿತೋ ತಪ್ಪು ಅದರಲ್ಲೇ.

ಎರಡನೆಯದು & ಚಿಹ್ನೆ. ಎಕ್ಸ್‌ಎಂಎಲ್‌ನಲ್ಲಿ ಇದನ್ನು ಬರಿದೇ ಹಾಕುವಂತಿಲ್ಲ. ಎಚ್‌ಟಿಎಂಎಲ್‌ನಲ್ಲಿ ಖಾಲಿ ಜಾಗಕ್ಕೆ ಬಳಸುವ 'ಎನ್‌ಬಿಎಸ್‌ಪಿ' ಗುರುತು ಕೂಡ ನಡೆಯುವುದಿಲ್ಲ, ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಅಂಥ ಗುರುತುಗಳು ಐದೇ. ಸಿದ್ಧ ವ್ಯವಸ್ಥೆಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ, ಕೈಯಾರೆ ಬರೆದ ಫೀಡ್‌ಗಳಲ್ಲೇ ಇದು ಜಾಸ್ತಿ.

ಮೂರನೆಯದು ಕಣ್ಣಿಗೆ ಕಾಣದ ನಿಯಂತ್ರಣ ಚಿಹ್ನೆಗಳು. ವರ್ಡ್ ಕಡತದಿಂದ ನೇರ ಪೇಸ್ಟ್ ಮಾಡಿದ ಬರಹಗಳಲ್ಲಿ ಇವು ಅಡಗಿರಬಹುದು. ವ್ಯಾಲಿಡೇಟರ್ ಹೇಳಿದ ಜಾಗದ ವಾಕ್ಯವನ್ನು ಅಳಿಸಿ ಕೈಯಿಂದಲೇ ಮತ್ತೆ ಟೈಪ್ ಮಾಡಿದರೆ ಮುಗಿಯಿತು.

ಹಳೆಯ ಪೋಸ್ಟ್‌ಗಳೇ ಕಾಣುತ್ತಿವೆ, ಹೊಸದು ಬಂದಿಲ್ಲ

ಇದು ಬಹಳ ಸಲ ದೋಷವೇ ಅಲ್ಲ. ಪ್ರತಿ ಓದುಗ ಬಂದಾಗಲೂ ಬ್ಲಾಗಿಗೆ ಹೋಗಿ ಕೇಳಿದರೆ ನಿಮ್ಮ ಪುಟವೂ ನಿಧಾನ, ಅವರ ಸರ್ವರ್‌ಗೂ ಹೊರೆ. ಅದಕ್ಕೇ ಫೀಡ್ ತರುವ ವ್ಯವಸ್ಥೆಗಳು ಒಮ್ಮೆ ತಂದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತವೆ. ಇದೇ ಕ್ಯಾಶ್. ವರ್ಡ್‌ಪ್ರೆಸ್ ಸಾಮಾನ್ಯವಾಗಿ 12 ಗಂಟೆ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಹಾಕಿದ ಪೋಸ್ಟ್ ಸಂಜೆಯವರೆಗೂ ಕಾಣದಿದ್ದರೆ ಅದು ಸಹಜ.

ಇಲ್ಲಿ ಕ್ಯಾಶ್ ಒಂದೇ ಅಲ್ಲ. ಬ್ಲಾಗಿನ ಸರ್ವರ್‌ನಲ್ಲಿ ಒಂದು, ನಡುವಿನ ಸಿಡಿಎನ್‌ನಲ್ಲಿ (ಸೈಟಿನ ನಕಲು ಇಟ್ಟು ಹಂಚುವ ಸರ್ವರ್‌ಗಳ ಜಾಲ) ಒಂದು, ನಿಮ್ಮ ಫೀಡ್ ಓದುವ ಕೋಡ್‌ನಲ್ಲಿ ಒಂದು, ನಿಮ್ಮ ಪುಟದ ಕ್ಯಾಶ್ ಪ್ಲಗಿನ್‌ನಲ್ಲಿ ಒಂದು, ಕೊನೆಗೆ ಓದುಗರ ಬ್ರೌಸರ್‌ನಲ್ಲಿ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಖಾಲಿ ಮಾಡಿದರೆ ಸಮಸ್ಯೆ ಹೋಗುತ್ತದೆ, ಆದರೆ ಯಾವುದು ಹಿಡಿದಿಟ್ಟಿತ್ತು ಎಂದು ಗೊತ್ತಾಗುವುದಿಲ್ಲ, ನಾಳೆ ಅದೇ ತೊಂದರೆ ಮತ್ತೆ ಬರುತ್ತದೆ. ಮೂಲದಿಂದ ಶುರು ಮಾಡಿ. ಇನ್‌ಕಾಗ್ನಿಟೋದಲ್ಲಿ ಫೀಡ್ ತೆರೆದಾಗ ಹೊಸ ಪೋಸ್ಟ್ ಇಲ್ಲವೇ? ತಡೆ ಬ್ಲಾಗಿನ ಕಡೆ. ಇದೆಯೇ? ನಿಮ್ಮ ಪುಟದ ಕ್ಯಾಶ್ ಖಾಲಿ ಮಾಡಿ ನೋಡಿ. ಆಗಲೂ ಇಲ್ಲವೆಂದರೆ ಫೀಡ್ ಕ್ಯಾಶ್.

ಅವಧಿಯನ್ನು ಒಂದು ಗಂಟೆಗೆ ಇಳಿಸಿದರೆ ಸಾಮಾನ್ಯ ಬ್ಲಾಗಿಗೆ ಧಾರಾಳವಾಯಿತು. ಸೊನ್ನೆಗೆ ಇಳಿಸಬೇಡಿ. 429 ಬರುವುದು, ಆಮೇಲೆ ಪೂರ್ತಿ ನಿರ್ಬಂಧಕ್ಕೆ ಒಳಗಾಗುವುದು ಹೀಗೆಯೇ. ಫೀಡ್ ಜೊತೆ ಬರುವ ಆವೃತ್ತಿಯ ಗುರುತಾದ 'ಇ-ಟ್ಯಾಗ್' ಅನ್ನು ನಿಮ್ಮ ಕೋಡ್ ನೆನಪಿಟ್ಟುಕೊಂಡು ಕೇಳಿದರೆ, ಬದಲಾವಣೆ ಇಲ್ಲದಾಗ ಬ್ಲಾಗ್ 304 ಎಂದಷ್ಟೇ ಉತ್ತರಿಸಿ ಸುಮ್ಮನಾಗುತ್ತದೆ, ಇಬ್ಬರಿಗೂ ಖರ್ಚು ಉಳಿಯುತ್ತದೆ.

ಫೀಡ್ ಅಂದರೆ ಬ್ಲಾಗಿನ ಪೂರ್ತಿ ಸಂಗ್ರಹವಲ್ಲ ಎನ್ನುವುದೂ ನೆನಪಿರಲಿ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಮೊದಲಿನಿಂದ ಇರುವ ಮಿತಿ ಇತ್ತೀಚಿನ 10 ಪೋಸ್ಟ್. ನಿಮ್ಮ ವಿಜೆಟ್‌ನಲ್ಲಿ 20 ಎಂದು ಕೊಟ್ಟರೂ ಬರುವುದು ಹತ್ತೇ. ಬ್ಲಾಗಿನ ಓದುವಿಕೆ ಸೆಟ್ಟಿಂಗ್‌ನಲ್ಲಿ ಅದನ್ನು ಬದಲಿಸಬೇಕು.

ಕನ್ನಡ ಅಕ್ಷರಗಳು ಕೆಟ್ಟು ಕಾಣುತ್ತಿವೆ

ಇಂಗ್ಲಿಷ್ ಫೀಡ್‌ನಲ್ಲಿ ಎಂದೂ ಕಾಣದ ತಪ್ಪು ಕನ್ನಡದಲ್ಲಿ ಮೊದಲ ದಿನವೇ ಎದ್ದು ಕಾಣುತ್ತದೆ. ಹೇಗೆ ಕೆಟ್ಟಿದೆ ಎನ್ನುವುದನ್ನು ಗಮನಿಸಿ. ಪ್ರತಿ ಬಗೆಗೂ ಬೇರೆ ಕಾರಣ.

ಖಾಲಿ ಚೌಕಗಳು ಕಂಡರೆ ಆ ಪಠ್ಯವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ. ಅಲ್ಲಿ ಸರಿಯಾಗಿ ಕಂಡರೆ ದತ್ತಾಂಶ ಚೆನ್ನಾಗಿಯೇ ಇದೆ, ನಿಮ್ಮ ಪುಟದ ಫಾಂಟ್‌ನಲ್ಲಿ ಕನ್ನಡ ಇಲ್ಲ. ಸ್ಟೈಲ್‌ಶೀಟ್‌ನಲ್ಲಿ ಕನ್ನಡ ಇರುವ ಫಾಂಟ್ ಸೇರಿಸಿ, ಮುಗಿಯಿತು.

ತಲೆಯ ಮೇಲೆ ಗೀಟಿರುವ ಲ್ಯಾಟಿನ್ ಅಕ್ಷರ, ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೆ ಇನ್ನೊಂದು ಚಿಹ್ನೆ, ಹೀಗೇ ಸಾಲುದ್ದಕ್ಕೂ ಬರುತ್ತಿದ್ದರೆ ಅದು ಸಂಕೇತ ವ್ಯವಸ್ಥೆಯ ಗೊಂದಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ನಡುವೆ ಯಾರೋ ಅದನ್ನು ಲ್ಯಾಟಿನ್ ಎಂದುಕೊಂಡು ಮೂರು ಬೈಟನ್ನೂ ಮೂರು ಬೇರೆ ಅಕ್ಷರಗಳಾಗಿ ಓದುತ್ತಿದ್ದಾರೆ. ಫೀಡ್ ಬ್ರೌಸರ್‌ನಲ್ಲೂ ಹೀಗೇ ಕಂಡರೆ ಬ್ಲಾಗಿನ ಕಡೆ ತಪ್ಪು. ಅಲ್ಲಿ ಸರಿ ಇದ್ದರೆ ನಿಮ್ಮ ಪುಟದ ಹೆಡರ್‌ನಲ್ಲಿ ಯುಟಿಎಫ್-8 ಎಂದು ಇದೆಯಾ ನೋಡಿ. ಅದೂ ಇದ್ದರೆ ನಿಮ್ಮ ಕೋಡ್‌ನಲ್ಲಿ ಈಗಾಗಲೇ ಯುಟಿಎಫ್-8 ಇರುವುದನ್ನು ಮತ್ತೊಮ್ಮೆ ಪರಿವರ್ತಿಸುವ ಸಾಲು ಇರುತ್ತದೆ. ಅದನ್ನು ತೆಗೆಯಿರಿ.

&#3221; ಎಂಬಂಥ ಅಂಕಿಗಳು ಹಾಗೇ ಕಂಡರೆ ಚಿಹ್ನೆಗಳು ಎರಡು ಸಲ ಸುತ್ತಿಕೊಂಡಿವೆ. 3221 ಅಂದರೆ 'ಕ' ಅಕ್ಷರದ ಸಂಖ್ಯೆ. ಬ್ಲಾಗ್ ಒಮ್ಮೆ ಎಸ್ಕೇಪ್ ಮಾಡಿ, ಅಂದರೆ ಅಕ್ಷರವನ್ನು ಇಂಥ ಗುರುತಾಗಿ ಬದಲಿಸಿ, ಕಳಿಸಿದೆ, ನೀವು ತೋರಿಸುವಾಗ ಇನ್ನೊಮ್ಮೆ ಮಾಡಿದ್ದೀರಿ. ಮೊದಲು ಬಿಡಿಸಿ, ಆಮೇಲೆ ಒಂದೇ ಸಲ ಎಸ್ಕೇಪ್ ಮಾಡಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ ಸುದ್ದಿ ಅಷ್ಟು ಒಳ್ಳೆಯದಲ್ಲ. ನಿಮ್ಮ ಡೇಟಾಬೇಸ್ ಕನ್ನಡ ಹಿಡಿಯದ ಕಾಲಮ್‌ನಲ್ಲಿ ಉಳಿಸಿದೆ, ಮೂಲ ಅಕ್ಷರ ಅಲ್ಲಿ ಉಳಿದೇ ಇಲ್ಲ. ಕಾಲಮ್ಮನ್ನು ಯುಟಿಎಫ್8ಎಂಬಿ4ಗೆ ಬದಲಿಸಿ ಫೀಡನ್ನು ಹೊಸದಾಗಿ ತರಿಸಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8'ರಲ್ಲಿ ಕನ್ನಡ ಹಿಡಿಸುತ್ತದೆ, ಆದರೆ ಎಮೋಜಿಗೆ ನಾಲ್ಕು ಬೈಟ್ ಬೇಕು. ಎಮೋಜಿ ಇರುವ ಪೋಸ್ಟ್ ಮಾತ್ರ ತುಂಡಾಗುತ್ತಿದ್ದರೆ ಕಾರಣ ಇದೇ.

ಇನ್ನು ಸಾರಾಂಶದ ಕೊನೆಯಲ್ಲಿ ಮಾತ್ರ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ. ಕೋಡ್ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತಿದೆ, ಅಕ್ಷರದ ಮಧ್ಯಕ್ಕೆ ಕತ್ತರಿ ಬಿದ್ದಿದೆ. ಸಂಕೇತದ ಲೆಕ್ಕದಲ್ಲಿ ಕತ್ತರಿಸಿದರೂ ಕನ್ನಡಕ್ಕೆ ಸಾಲದು. 'ಸ್ತ್ರೀ' ಎನ್ನುವುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, 18 ಬೈಟ್. ನಡುವೆ ಕತ್ತರಿಸಿದರೆ 'ಸ್' ಎಂದು ನೇತಾಡುತ್ತದೆ. ಪದಗಳ ಲೆಕ್ಕದಲ್ಲಿ ಕತ್ತರಿಸಿ. ಕನ್ನಡ ಓದುಗರಿಗೆ ಇದು ನಾವು ತೋರಿಸಬಹುದಾದ ಕನಿಷ್ಠ ಮರ್ಯಾದೆ.

ಬರಹ ಅರ್ಧವೇ ಬರುತ್ತದೆ, ಚಿತ್ರ ಬರುವುದಿಲ್ಲ

ಅರ್ಧ ಬರಹಕ್ಕೆ ಮೊದಲು ಫೀಡ್ ನೋಡಿ. ಅಲ್ಲೂ ಅರ್ಧವೇ ಇದ್ದರೆ ಬ್ಲಾಗಿನವರು ಸಾರಾಂಶ ಮಾತ್ರ ಕೊಡುವ ಆಯ್ಕೆ ಮಾಡಿದ್ದಾರೆ. ಅದು ಅವರ ಇಷ್ಟ, ಅದನ್ನು ದಾಟಲು ಪುಟವನ್ನೇ ಕೆರೆದು ತರುವ ಸಲಕರಣೆಗಳ ಮೊರೆ ಹೋಗಬೇಡಿ. ಫೀಡ್‌ನಲ್ಲಿ ಪೂರ್ತಿ ಇದ್ದರೆ ನಿಮ್ಮ ಕೋಡ್ 'ಡಿಸ್ಕ್ರಿಪ್ಶನ್' ಭಾಗವನ್ನು ಓದುತ್ತಿದೆ, ಪೂರ್ತಿ ಬರಹ 'ಕಂಟೆಂಟ್ ಎನ್‌ಕೋಡೆಡ್' ಎಂಬ ಇನ್ನೊಂದು ಭಾಗದಲ್ಲಿದೆ.

ಚಿತ್ರದ ವಿಷಯ ಸ್ವಲ್ಪ ಗೋಜಲು. ಪೋಸ್ಟ್‌ನ ಮುಖ್ಯಚಿತ್ರ ಇಂಥ ಕಡೆಯೇ ಇರಬೇಕು ಎಂಬ ನಿಯಮ ಆರ್‌ಎಸ್‌ಎಸ್‌ನಲ್ಲಿ ಇಲ್ಲ. ಕೆಲವರು ಎನ್‌ಕ್ಲೋಷರ್‌ನಲ್ಲಿ ಇಡುತ್ತಾರೆ, ಕೆಲವರು ಮೀಡಿಯಾ ಟ್ಯಾಗ್‌ನಲ್ಲಿ, ಕೆಲವರು ಬರಹದೊಳಗೆ, ಕೆಲವರು ಎಲ್ಲೂ ಇಡುವುದಿಲ್ಲ. ಚಿತ್ರದ ವಿಳಾಸ ಫೀಡ್‌ನಲ್ಲಿ ಇದ್ದೂ ಕಾಣದಿದ್ದರೆ ಅದನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಅಲ್ಲಿ ಬಂದು ನಿಮ್ಮ ಪುಟದಲ್ಲಿ ಬರದಿದ್ದರೆ ಬ್ಲಾಗಿನವರು ಹಾಟ್‌ಲಿಂಕ್ ತಡೆ (ತಮ್ಮ ಚಿತ್ರ ಬೇರೆ ಸೈಟಿನಲ್ಲಿ ಕಾಣದಂತೆ ಮಾಡುವ ತಡೆ) ಹಾಕಿದ್ದಾರೆ, ಅನುಮತಿ ಕೇಳಿ. ವಿಳಾಸ ಡೊಮೇನ್ ಇಲ್ಲದೆ ಬರೀ ಓರೆಗೀಟಿನಿಂದ ಶುರುವಾಗಿದ್ದರೆ ಬ್ರೌಸರ್ ಅದನ್ನು ನಿಮ್ಮ ಸೈಟಿನಲ್ಲಿ ಹುಡುಕುತ್ತಿದೆ. ನಿಮ್ಮ ಸೈಟು ಎಚ್‌ಟಿಟಿಪಿಎಸ್, ಚಿತ್ರ ಬರೀ ಎಚ್‌ಟಿಟಿಪಿ ಆಗಿದ್ದರೂ ಬ್ರೌಸರ್ ತಡೆಯಬಹುದು.

ವಿಡಿಯೋ ಮಾಯವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಫೀಡ್ ಓದುವ ವ್ಯವಸ್ಥೆ ಐಫ್ರೇಮ್ (ಪುಟದೊಳಗೆ ಬೇರೆ ಸೈಟಿನ ಪುಟ ತೋರಿಸುವ ಚೌಕಟ್ಟು) ಮತ್ತು ಸ್ಕ್ರಿಪ್ಟ್‌ಗಳನ್ನು ಬೇಕೆಂದೇ ತೆಗೆದುಹಾಕುತ್ತದೆ. ಈ ಶೋಧನೆಯನ್ನು ಆಫ್ ಮಾಡಬೇಡಿ. ಆ ಬ್ಲಾಗನ್ನು ಯಾರಾದರೂ ಹ್ಯಾಕ್ ಮಾಡಿದರೆ ಅವರ ಸ್ಕ್ರಿಪ್ಟ್ ಫೀಡ್ ಮೂಲಕ ನಿಮ್ಮ ಸೈಟಿಗೆ ಬಂದು, ನಿಮ್ಮ ಓದುಗರ ಬ್ರೌಸರ್‌ನಲ್ಲಿ ಓಡುತ್ತದೆ.

ದಿನಾಂಕ 1970, ಅಥವಾ ಒಂದೇ ಪೋಸ್ಟ್ ಎರಡೆರಡು ಸಲ

1970ರ ಜನವರಿ 1 ಕಂಡರೆ ಕೋಡ್‌ಗೆ ದಿನಾಂಕ ಅರ್ಥವಾಗಿಲ್ಲ, ಸೊನ್ನೆ ಎಂದುಕೊಂಡಿದೆ. ಆರ್‌ಎಸ್‌ಎಸ್‌ನಲ್ಲಿ ದಿನಾಂಕಕ್ಕೆ ನಿಗದಿಯಾದ ಇಂಗ್ಲಿಷ್ ಮಾದರಿ ಇದೆ, ಆಟಮ್‌ನಲ್ಲಿ ಇನ್ನೊಂದು. ಫೀಡ್‌ನಲ್ಲಿ ತಿಂಗಳ ಹೆಸರು 'ಜುಲೈ' ಎಂದು ಕನ್ನಡದಲ್ಲಿ ಬಂದಿದ್ದರೆ ಯಂತ್ರಕ್ಕೆ ಓದಲಾಗುವುದಿಲ್ಲ. ಫೀಡ್ ಒಳಗೆ ಇಂಗ್ಲಿಷ್ ಇರಲಿ, ಪುಟದಲ್ಲಿ ತೋರಿಸುವಾಗ ಕನ್ನಡ ಮಾಡಿಕೊಳ್ಳಿ.

ಎರಡೆರಡು ಸಲ ಬರುವುದಕ್ಕೆ ಕಾರಣ ಪೋಸ್ಟ್‌ನ ಗುರುತು ಸಂಖ್ಯೆ ಬದಲಾಗಿರುವುದು. ಬ್ಲಾಗ್ ಹೊಸ ಡೊಮೇನ್‌ಗೆ ಹೋದಾಗ ಅಥವಾ ಎಚ್‌ಟಿಟಿಪಿಎಸ್‌ಗೆ ಬದಲಾದಾಗ ಹೀಗಾಗುತ್ತದೆ. ಒಂದು ಸಲದ ಕಾಟ ಅಷ್ಟೇ, ಹಳೆಯ ನಕಲುಗಳನ್ನು ಅಳಿಸಿ. ಪ್ರತಿ ಸಲ ತಂದಾಗಲೂ ನಕಲು ಹುಟ್ಟುತ್ತಿದ್ದರೆ ಮಾತ್ರ ಬ್ಲಾಗಿನ ಫೀಡ್ ಪ್ರತಿ ಸಲ ಹೊಸ ಗುರುತು ಕೊಡುತ್ತಿದೆ, ಅವರಿಗೆ ತಿಳಿಸಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಸರ್ವರ್‌ನ ಪ್ರಮಾಣಪತ್ರ, ಡೇಟಾಬೇಸ್ ಕಾಲಮ್ ಬದಲಾವಣೆ, ಫೈರ್‌ವಾಲ್. ಈ ಮೂರರ ಅಭ್ಯಾಸ ಇಲ್ಲದಿದ್ದರೆ ಕೈ ಹಾಕಬೇಡಿ, ಹೋಸ್ಟಿಂಗ್‌ನವರಿಗೆ ಹೇಳಿ. ನಿಮ್ಮ ಪುಟದಲ್ಲಿ ಗೊತ್ತಿಲ್ಲದ ಲಿಂಕ್‌ಗಳು, ಔಷಧಿಯದೋ ಜೂಜಿನದೋ ಜಾಹೀರಾತು ಫೀಡ್ ಮೂಲಕ ಬರುತ್ತಿವೆ ಎಂದಾದರೆ ಮೊದಲು ವಿಜೆಟ್ ತೆಗೆಯಿರಿ, ಕಾರಣ ಆಮೇಲೆ ಹುಡುಕೋಣ. ಬಹುಶಃ ಆ ಬ್ಲಾಗ್ ಹ್ಯಾಕ್ ಆಗಿದೆ, ಇಲ್ಲವೇ ಡೊಮೇನ್ ಅವಧಿ ಮುಗಿದು ಬೇರೆಯವರ ಕೈಗೆ ಹೋಗಿದೆ.

ಬ್ಲಾಗಿನವರಿಗೆ ಬರೆಯುವಾಗ "ನಿಮ್ಮ ಫೀಡ್ ಕೆಲಸ ಮಾಡ್ತಿಲ್ಲ" ಎಂದಷ್ಟೇ ಬರೆದರೆ ಅವರು ಬ್ರೌಸರ್‌ನಲ್ಲಿ ತೆರೆದು "ನಮಗೆ ಸರಿ ಇದೆಯಲ್ಲ" ಎನ್ನುತ್ತಾರೆ. ಫೀಡ್‌ನ ಪೂರ್ತಿ ವಿಳಾಸ, ಬಂದ ದೋಷದ ಅಂಕಿ, ದಿನ ಮತ್ತು ಹೊತ್ತು, ನಿಮ್ಮ ಸರ್ವರ್‌ನ ಐಪಿ, ವ್ಯಾಲಿಡೇಟರ್ ಹೇಳಿದ ಸಾಲು, ಇಷ್ಟು ಕೊಡಿ. ಫೈರ್‌ವಾಲ್ ದಾಖಲೆಯಲ್ಲಿ ಅವರು ಹುಡುಕುವುದು ಆ ಐಪಿ ಮತ್ತು ಆ ಹೊತ್ತನ್ನೇ. ಪಾಸ್‌ವರ್ಡ್ ಅಥವಾ ಕೀ ಸೇರಿರುವ ಖಾಸಗಿ ಫೀಡ್ ವಿಳಾಸವಾದರೆ ಆ ಭಾಗವನ್ನು ಅಳಿಸಿಯೇ ಕಳಿಸಿ.